ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಮಾಡಲೇಬೇಕೇ?

ಪ್ರಶ್ನೆ: ಮನೆಯ ಕಂಪ್ಯೂಟರ್‌ನ ಪಾಸ್‌ವರ್ಡ್ ಮರೆತುಹೋಗಿದೆ. ಅಂಗಡಿಗೆ ಒಯ್ದು ತೋರಿಸಿದರೆ, ‘ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿಯಿಲ್ಲ, ಒಳಗಿರುವುದೆಲ್ಲ ಹೋಗುತ್ತದೆ’ ಎಂದರು. ಮಗಳ ಮದುವೆಯ ಫೋಟೋಗಳು, ಮನೆ ಸಾಲದ ಕಾಗದಪತ್ರಗಳು ಅದರಲ್ಲೇ ಇವೆ. ಉಳಿಸಿಕೊಳ್ಳಲು ಸಾಧ್ಯವಿಲ್ಲವೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಟ್ಟುಬಿಟ್ಟಿದ್ದರೆ ಮೊದಲು ಅಂಗಡಿಗೆ ಫೋನ್ ಮಾಡಿ ನಿಲ್ಲಿಸಿ. ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುತ್ತವೆ. ಅವುಗಳಲ್ಲಿ ನನಗೆ ತೀರಾ ಸಂಕಟವಾಗುವುದು ‘ಫಾರ್ಮ್ಯಾಟ್ ಆಗಿಹೋಗಿದೆ, ಈಗೇನು ಮಾಡಲಿ?’ ಎಂದು ಕೇಳಿದಾಗ.

ಪಾಸ್‌ವರ್ಡ್ ಕಾಯುವುದು ವಿಂಡೋಸ್‌ನ ಬಾಗಿಲನ್ನು. ಫೋಟೋ, ಕಾಗದಪತ್ರಗಳು ಇರುವುದು ಡಿಸ್ಕ್‌ನಲ್ಲಿ. ಆ ಡಿಸ್ಕ್‌ಗೇ ಬೇರೊಂದು ಬೀಗ, ಅಂದರೆ ಎನ್‌ಕ್ರಿಪ್ಷನ್, ಹಾಕಿದೆಯೇ ಎಂಬುದರ ಮೇಲೆ ನಿಮ್ಮ ಪ್ರಶ್ನೆಯ ಉತ್ತರ ನಿಂತಿದೆ. ಅದನ್ನು ಪರೀಕ್ಷಿಸುವ ಮೊದಲೇ ಫಾರ್ಮ್ಯಾಟ್‌ನ ಮಾತೆತ್ತುವುದು ತಪ್ಪು.

ಅದಕ್ಕಿಂತ ಮುಂಚೆ, ಪಾಸ್‌ವರ್ಡ್ ನಿಜಕ್ಕೂ ಮರೆತಿದೆಯೇ ಎಂದು ನೋಡಿ. ಕಳೆದ ವರ್ಷ ಮಲ್ಲೇಶ್ವರದ ಪರಿಚಿತರೊಬ್ಬರು, ನಿವೃತ್ತ ಶಿಕ್ಷಕಿ, ಎರಡು ದಿನದಿಂದ ಲ್ಯಾಪ್‌ಟಾಪ್ ತೆರೆಯುತ್ತಿಲ್ಲವೆಂದು ಕರೆದರು. ಪಾಸ್‌ವರ್ಡ್ ಪುಟ್ಟ ಡೈರಿಯಲ್ಲಿ ದುಂಡಗೆ ಬರೆದಿತ್ತು. ಅದನ್ನೇ ಟೈಪ್ ಮಾಡಿ, ಪೆಟ್ಟಿಗೆಯ ಕೊನೆಯಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ಹಿಡಿದೆ. ಚುಕ್ಕೆಗಳ ಜಾಗದಲ್ಲಿ ಕನ್ನಡ ಅಕ್ಷರಗಳು ಕಾಣಿಸಿದವು! ಹಿಂದಿನ ರಾತ್ರಿ ಮಹಿಳಾ ಸಮಾಜದ ವರದಿಯನ್ನು ಕನ್ನಡದಲ್ಲಿ ಬರೆದಿದ್ದರು, ಕೀಲಿಮಣೆ ಕನ್ನಡದಲ್ಲೇ ಉಳಿದಿತ್ತು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಇಂಗ್ಲಿಷಿನ ‘ಐ’ ಒತ್ತಿದರೆ ‘ಗ’, ‘ಎಲ್’ ಒತ್ತಿದರೆ ‘ತ’ ಬರುತ್ತದೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್‌ಬಾರ್ ಒತ್ತಿ ಭಾಷೆ ಬದಲಿಸಿದ ಕೂಡಲೇ ಬಾಗಿಲು ತೆರೆಯಿತು. ಅವರ ಕಣ್ಣು ತುಂಬಿ ಬಂತು. ಆದ್ದರಿಂದ ಕೆಳಗಿನ ಬಲ ಮೂಲೆಯಲ್ಲಿ ಯಾವ ಭಾಷೆ ಇದೆ, ಕ್ಯಾಪ್ಸ್ ಲಾಕ್ ಹತ್ತಿದೆಯೇ, ಪಿನ್ ಆದರೆ ನಮ್ ಲಾಕ್ ಆರಿದೆಯೇ ಎಂದು ಗಮನಿಸಿ. ಹಳೆಯ ಲ್ಯಾಪ್‌ಟಾಪ್ ಆದರೆ ಒಂದೆರಡು ಕೀಲಿಗಳೇ ಸತ್ತಿರಬಹುದು. ಪರದೆಯ ಮೇಲೆ ಮೂಡುವ ಕೀಲಿಮಣೆಯಿಂದ ಟೈಪ್ ಮಾಡಿ ನೋಡಿ.

ಕೆಲವು ಸಲ ತಪ್ಪು ಪಿನ್ ಹಾಕಿದ ಮೇಲೆ ವಿಂಡೋಸ್ ‘ಎ1ಬಿ2ಸಿ3’ ಎಂದು ಟೈಪ್ ಮಾಡಲು ಹೇಳುತ್ತದೆ. ವೈರಸ್ ಎಂದು ಹೆದರಬೇಡಿ. ಕೀಲಿಗಳು ತಮ್ಮಷ್ಟಕ್ಕೆ ಒತ್ತಿಹೋಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವ ಕ್ರಮ ಅದು.

ನಿಜಕ್ಕೂ ಮರೆತಿದ್ದರೆ, ನಿಮ್ಮದು ಯಾವ ಬಗೆಯ ಖಾತೆ ಎಂದು ತಿಳಿಯಬೇಕು. ‘ಪಿನ್ ಮರೆತಿದ್ದೇನೆ’ ಅಥವಾ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಸಾಲನ್ನು ಒತ್ತಿದಾಗ ಇಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಖಾತೆ. ಅದರ ಪಾಸ್‌ವರ್ಡನ್ನು ನಿಮ್ಮ ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ತಾಣಕ್ಕೆ ಹೋಗಿಯೇ ಬದಲಿಸಬಹುದು. ಆಮೇಲೆ ಕಂಪ್ಯೂಟರ್‌ಗೆ ಇಂಟರ್ನೆಟ್ ಸಂಪರ್ಕ ಕೊಟ್ಟು ಹೊಸ ಪಾಸ್‌ವರ್ಡ್ ಹಾಕಿ. ಸಂಪರ್ಕವಿಲ್ಲದಿದ್ದರೆ ಅದು ಹಳೆಯದನ್ನೇ ಕೇಳುತ್ತಿರುತ್ತದೆ.

ನಮ್ಮ ಮನೆಗಳಲ್ಲಿ ಎಡವುವುದು ಒಟಿಪಿ ಬರುವ ಹಂತದಲ್ಲಿ. ಲ್ಯಾಪ್‌ಟಾಪ್ ಕೊಡಿಸಿದ ಮಗನೋ ಮಗಳೋ ತಮ್ಮದೇ ಇಮೇಲ್, ತಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟಿರುತ್ತಾರೆ. ಅವರು ವಿದೇಶಕ್ಕೆ ಹೋದ ಮೇಲೆ ಆ ಸಿಮ್ ರೀಚಾರ್ಜ್ ಇಲ್ಲದೆ ನಿಂತಿರುತ್ತದೆ. ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದೆ ಬಿಟ್ಟರೆ ಅದು ಕೈತಪ್ಪಿಹೋಗಬಹುದು. ಪರದೆಯಲ್ಲಿ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಕಾಣುತ್ತವೆ. ಅವನ್ನು ಬರೆದುಕೊಂಡು ಮನೆಯವರನ್ನೆಲ್ಲ ವಿಚಾರಿಸಿ. ಸಿಮ್ ಇನ್ನೂ ನಿಮ್ಮವರ ಹೆಸರಿನಲ್ಲಿದ್ದರೆ ಮೊದಲು ರೀಚಾರ್ಜ್ ಮಾಡಿಸಿ. ಹಳೆಯ ಸಂಖ್ಯೆ, ಇಮೇಲ್ ಎರಡೂ ಕೈತಪ್ಪಿ ಹೊಸದನ್ನು ಸೇರಿಸಬೇಕಾಗಿ ಬಂದರೆ ಮೈಕ್ರೋಸಾಫ್ಟ್ 30 ದಿನ ಕಾಯಿಸುತ್ತದೆ. ಆ ಒಂದು ತಿಂಗಳು ತಾಳ್ಮೆಯಿಂದಿರಿ, ಮದುವೆಯ ಫೋಟೋಗಳು ಅಷ್ಟು ಕಾಯುವಿಕೆಗೆ ಯೋಗ್ಯ.

ಇಮೇಲ್ ಇಲ್ಲದೆ ಬರೀ ಹೆಸರಿನಲ್ಲಿ ಮಾಡಿದ ಖಾತೆಯಾದರೆ, ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ ಪಾಸ್‌ವರ್ಡ್ ಬದಲಿಸುವ ಸಾಲು ಕಾಣಬಹುದು; ಖಾತೆ ತೆರೆದಾಗ ಕೊಟ್ಟ ಮೂರು ಪ್ರಶ್ನೆಗಳಿಗೆ ಉತ್ತರಿಸಿದರೆ ಸಾಕು. ಅದೇ ಕಂಪ್ಯೂಟರ್‌ನಲ್ಲಿ ಮನೆಯ ಇನ್ನೊಬ್ಬರಿಗೆ ಅಡ್ಮಿನ್ ಖಾತೆ ಇದ್ದರೆ ಅವರೂ ನಿಮ್ಮ ಪಾಸ್‌ವರ್ಡ್ ಬದಲಿಸಬಲ್ಲರು. ಹಾಗೆ ಹೊರಗಿನಿಂದ ಬದಲಿಸಿದಾಗ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಕಳೆದುಹೋಗಬಹುದು, ಫೋಟೋಗಳಿಗೆ ಏನೂ ಆಗುವುದಿಲ್ಲ.

ಇವು ಯಾವುವೂ ಫಲಿಸದಿದ್ದರೆ ಡಿಸ್ಕ್‌ನ ಸರದಿ. ಏಳೆಂಟು ವರ್ಷ ಹಳೆಯ ಮನೆಬಳಕೆಯ ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಎನ್‌ಕ್ರಿಪ್ಷನ್ ಇರುವುದಿಲ್ಲ. ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸ್‌ನಲ್ಲಿ ಕೂರಿಸಿ, ಬೇರೊಂದು ಕಂಪ್ಯೂಟರ್‌ಗೆ ಜೋಡಿಸಿದರೆ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ‘ಯೂಸರ್ಸ್’ ಫೋಲ್ಡರ್‌ನೊಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಅನುಮತಿ ಇಲ್ಲವೆಂದು ಅದು ತಕರಾರು ತೆಗೆದರೆ ‘ಕಂಟಿನ್ಯೂ’ ಒತ್ತಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಅಲ್ಲೇ ಸಿಗುತ್ತವೆ. ಬಿಚ್ಚಲು ಧೈರ್ಯವಿಲ್ಲದಿದ್ದರೆ, ವಿಂಡೋಸ್‌ನ ಬದಲು ಕಂಪ್ಯೂಟರ್ ನಡೆಸಬಲ್ಲ, ಉಚಿತವಾಗಿ ಸಿಗುವ ಉಬುಂಟು ಎಂಬ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿದರೂ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ಆಗ ಇನ್‌ಸ್ಟಾಲ್ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ.

ಕೇಸ್ ಬೇಕಾದರೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಕೆಲಸವನ್ನು ಅಂಗಡಿಯವರಿಂದಲೇ ಮಾಡಿಸುವುದಾದರೆ ‘ಲಾಕ್ ತೆಗೆಯಿರಿ’ ಎನ್ನದೆ, ‘ಡೇಟಾ ನಕಲು ಮಾಡಿಕೊಡಿ, ಡಿಸ್ಕ್‌ನಲ್ಲಿ ಏನನ್ನೂ ಅಳಿಸಬೇಡಿ’ ಎಂದು ಹೇಳಿ, ರಸೀದಿಯ ಮೇಲೂ ಬರೆಸಿಕೊಳ್ಳಿ. ಸಾಧ್ಯವಾದಷ್ಟೂ ಎದುರಿಗೇ ನಿಂತು ಮಾಡಿಸಿ. ಕಂಪ್ಯೂಟರ್ ನಿಮ್ಮದೇ ಎಂಬುದಕ್ಕೆ ಬಿಲ್ ಕೇಳುವ ಅಂಗಡಿ ಸಿಕ್ಕರೆ ಬೇಸರಿಸಬೇಡಿ. ನನಗೆ ಅಂಥವರ ಮೇಲೆಯೇ ಹೆಚ್ಚು ನಂಬಿಕೆ.

ಹೊಸ ಲ್ಯಾಪ್‌ಟಾಪ್ ಆದರೆ ಕಥೆ ಬೇರೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗುತ್ತದೆ. ಬೇರೆ ಕಂಪ್ಯೂಟರ್‌ಗೆ ಜೋಡಿಸಿದಾಗ ಡ್ರೈವ್‌ನ ಮೇಲೆ ಬೀಗದ ಚಿತ್ರ ಕಂಡು 48 ಅಂಕಿಗಳ ರಿಕವರಿ ಕೀ ಕೇಳಿದರೆ ಅದು ಬಿಟ್‌ಲಾಕರ್, ಅಂದರೆ ವಿಂಡೋಸ್‌ನದೇ ಎನ್‌ಕ್ರಿಪ್ಷನ್. ಮದರ್‌ಬೋರ್ಡ್ ಬದಲಿಸಿದಾಗಲೂ ಇದೇ ಕೀ ಕೇಳುವ ನೀಲಿ ಪರದೆ ಬರುತ್ತದೆ. 2024ರ ಜುಲೈ ತಿಂಗಳ ಅಪ್‌ಡೇಟ್ ಆದ ಮೇಲೆ ಅದು ಕೆಲವರಿಗೆ ಏಕಾಏಕಿ ಎದುರಾಗಿತ್ತು. ಆರಾರು ಅಂಕಿಗಳ ಎಂಟು ಗುಂಪಿನ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ, ಡಿವೈಸಸ್ ವಿಭಾಗದಲ್ಲಿ ಉಳಿದಿರುತ್ತದೆ. ಯಂತ್ರ ಒಂದಕ್ಕಿಂತ ಹೆಚ್ಚಿದ್ದರೆ ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ತಾಳೆ ನೋಡಿ. ಲ್ಯಾಪ್‌ಟಾಪ್ ಅನ್ನು ಮೊದಲು ಸಜ್ಜುಗೊಳಿಸಿದ್ದು ಯಾರ ಖಾತೆಯಿಂದ ಎಂದು ನೆನಪಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಕೀ ಸಿಗುವುದು ಅಳಿಯನ ಅಥವಾ ಮೊಮ್ಮಗನ ಖಾತೆಯಲ್ಲಿ.

ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಅನ್ನೂ ಮೊಬೈಲ್‌ನಲ್ಲಿ ಒಮ್ಮೆ ತೆರೆದು ನೋಡಿ. ಉಚಿತವಾಗಿ ಸಿಗುವುದು 5 ಜಿಬಿ ಜಾಗ ಮಾತ್ರ, ಆದರೆ ಸಾಲದ ಕಾಗದಪತ್ರಗಳು ನಿಮಗೆ ತಿಳಿಯದೆಯೇ ಅಲ್ಲಿ ಕುಳಿತಿರಬಹುದು.

ಮ್ಯಾಕ್ ಬಳಸುವವರು ಮೂರು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಆಪಲ್ ಖಾತೆಯಿಂದ ಬದಲಿಸುವ ಆಯ್ಕೆ ಸಾಮಾನ್ಯವಾಗಿ ಕಾಣಿಸುತ್ತದೆ. ಅಲ್ಲಿಯೂ ಫೈಲ್‌ವಾಲ್ಟ್ ಎಂಬ ಎನ್‌ಕ್ರಿಪ್ಷನ್‌ನ ಕೀ ಬೇಕಾಗಬಹುದು.

ಇನ್ನೊಂದು ಮಾತು. ಗಾಬರಿಯಲ್ಲಿ ‘ವಿಂಡೋಸ್ ಸಹಾಯವಾಣಿ’ ಎಂದು ಹುಡುಕಿ, ಕಂಡ ಸಂಖ್ಯೆಗೆಲ್ಲ ಫೋನ್ ಮಾಡಬೇಡಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಆ ಕಡೆಯವರು ಒಟಿಪಿ ಕೇಳಿದರೆ, ಮೊಬೈಲ್‌ಗೆ ಆ್ಯಪ್ ಹಾಕಿಕೊಳ್ಳಿ ಎಂದರೆ ತಕ್ಷಣ ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.

ಎನ್‌ಕ್ರಿಪ್ಷನ್ ಇದ್ದು ಕೀ ಎಲ್ಲೂ ಸಿಗದಿದ್ದರೆ ಯಾವ ಅಂಗಡಿಯವರೂ ಅದನ್ನು ತೆರೆಯಲಾರರು. ತೆರೆದುಕೊಡುತ್ತೇನೆಂದು ಮುಂಗಡ ಕೇಳುವವರಿಗೆ ಹಣ ಕೊಡಬೇಡಿ. ಆಗಲೂ ಹಳೆಯ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಡಿಸ್ಕ್ ಬಿಚ್ಚಲು ಬರುವಂಥ ಕಂಪ್ಯೂಟರ್ ಆದರೆ ಹೊಸ ಡಿಸ್ಕ್ (ಎಸ್‌ಎಸ್‌ಡಿ) ಹಾಕಿಸಿ ಕೆಲಸ ಮುಂದುವರಿಸಿ. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಚೀಟಿ ಅಂಟಿಸಿ, ಬೀರುವಿನಲ್ಲಿಡಿ. ನಾಳೆ ಯಾವುದೋ ಹಳೆಯ ಇಮೇಲ್‌ನ ಪಾಸ್‌ವರ್ಡ್ ನೆನಪಾಗಿ ಆ 48 ಅಂಕಿಗಳು ಸಿಕ್ಕರೆ, ಬೇರೆ ಕಂಪ್ಯೂಟರ್‌ಗೆ ಜೋಡಿಸಿಯೂ ಅದನ್ನು ತೆರೆಯಬಹುದು.