ಪಿಗ್ಮಿ ಕಟ್ಟಿಸಿಕೊಂಡು ಅಭ್ಯಾಸ ಇದೆ, ಮಕ್ಕಳ ಸಂಸ್ಥೆಯ ಕೆಲಸ ನನಗೆ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ. ನಾನು ಬಿಕಾಂ ಮುಗಿಸಿ ಐದು ವರ್ಷದಿಂದ ಬನಹಟ್ಟಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಇದ್ದೇನೆ. ಮೊದಲು ಪಿಗ್ಮಿ ಕಲೆಕ್ಷನ್, ಈಗ ಲೆಕ್ಕಪತ್ರವನ್ನೂ ನೋಡುತ್ತೇನೆ. ಬಾಗಲಕೋಟೆಯ ಕಡೆ ಅನಾಥ ಮಕ್ಕಳ ಸಂಸ್ಥೆಯೊಂದರಲ್ಲಿ 'ಆಡಳಿತ ಮತ್ತು ಫಂಡ್‌ರೈಸಿಂಗ್' ಅಂತ ಒಂದು ಹುದ್ದೆ ಖಾಲಿ ಇದೆ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿಲ್ಲ. ಮನೆಯಲ್ಲಿ 'ಇರೋ ನೌಕರಿ ಬಿಟ್ಟು ಪಟ್ಟಿ ಎತ್ತೋಕೆ ಹೋಗ್ತೀಯಾ' ಅಂತಾರೆ. ಅಲ್ಲಿ ದಿನವಿಡೀ ಏನು ಕೆಲಸ? ಸಂಬಳ ಸರಿಯಾಗಿ ಬರುತ್ತಾ? ನನ್ನಂಥವಳಿಗೆ ಆಗುತ್ತಾ?

ಆಗುತ್ತದೆ ತಂಗಿ. ಇಂಥ ಪ್ರಶ್ನೆ ನನಗೆ ಆಗಾಗ ಬರುತ್ತದೆ, ಬಹಳಷ್ಟು ಜನ ಎಂಎಸ್‌ಡಬ್ಲ್ಯೂ ಇಲ್ಲ ಅನ್ನೋದನ್ನೇ ದೊಡ್ಡ ಗೋಡೆ ಮಾಡಿಕೊಂಡಿರುತ್ತಾರೆ. ಮಕ್ಕಳ ಜೊತೆ ಕೂತು ಆಪ್ತಸಮಾಲೋಚನೆ ಮಾಡುವವರಿಗೆ, ಒಂದೊಂದು ಮಗುವಿನ ಪ್ರಕರಣ ನೋಡಿಕೊಳ್ಳುವವರಿಗೆ ಆ ಓದು ಬೇಕು. ಹಣ ಮತ್ತು ಆಡಳಿತದ ಕಡೆ ಬೇಕಾಗೋದು ಬೇರೆ. ಅದರಲ್ಲಿ ಅರ್ಧ ನಿಮ್ಮ ಹತ್ತಿರ ಈಗಾಗಲೇ ಇದೆ.

ಪಿಗ್ಮಿಯನ್ನೇ ತಗೊಳ್ಳಿ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ ದಿನಕ್ಕೆ ಎರಡಾಣೆಯಿಂದ ಶುರುಮಾಡಿದ ಉಳಿತಾಯ ಪದ್ಧತಿ ಅದು. ನೀವು ಮಾಡೋದೂ ಅದೇ ಅಲ್ವಾ? ಅದೇ ಕಿರಾಣಿ ಅಂಗಡಿ, ಅದೇ ಸಂಜೆ ನಾಲ್ಕು ಗಂಟೆ. ಯಾರ ಅಂಗಡಿಗೆ ಬೋಣಿಗೆ ಆಗುವ ಮೊದಲು ಕಾಲಿಡಬಾರದು, ಯಾರು ಅಮಾವಾಸ್ಯೆ ದಿನ ದುಡ್ಡು ಬಿಚ್ಚುವುದಿಲ್ಲ, ಯಾರಿಗೆ ಮೊದಲು ಮಗಳ ಪರೀಕ್ಷೆ ಹೇಗಾಯಿತು ಅಂತ ಕೇಳಬೇಕು, ಎಲ್ಲ ನಿಮಗೆ ಗೊತ್ತು. 'ಇವತ್ತ ಬ್ಯಾಡ, ನಾಳಿ ಬಾ' ಅಂದರೆ ಮುಖ ಗಂಟು ಹಾಕದೆ ಮರುದಿನ ಹೋಗುತ್ತೀರಿ. ಕೊಟ್ಟಿದ್ದನ್ನು ಅವರ ಕಣ್ಣೆದುರೇ ಬರೆದುಕೊಡುತ್ತೀರಿ. ನಾನೂ ಇಂಥದೇ ಸಂಸ್ಥೆಯಲ್ಲಿ ಇದೇ ಕೆಲಸ ಮಾಡಿದವನು. ನನ್ನ ಜೊತೆ ಒಬ್ಬ ಹುಡುಗ ಇದ್ದ, ಎಂಬಿಎ ಮಾಡಿದವನು, ಪಿಪಿಟಿ ಮಾಡಿದರೆ ನೋಡುತ್ತಾ ಕೂರಬೇಕು ಅನ್ನುವಷ್ಟು ಚಂದ. ಆದರೆ ಹಣ ಬಂದ ಮೇಲೆ ದಾನಿಗೆ ಒಂದು ಫೋನ್ ಕೂಡ ಮಾಡುತ್ತಿರಲಿಲ್ಲ. ಮರುವರ್ಷ ಅವನ ದಾನಿಗಳಲ್ಲಿ ಯಾರೂ ತಿರುಗಿ ಬರಲಿಲ್ಲ.

ಕೇಳೋದಕ್ಕೆ ಒಂದು ದಿನ ಸಾಕು, ಲೆಕ್ಕ ಒಪ್ಪಿಸೋದಕ್ಕೆ ವರ್ಷ ಬೇಕು. ದಿನವಿಡೀ ಏನು ಕೆಲಸ ಅಂತ ಕೇಳಿದ್ದೀರಲ್ಲ, ಬಹುಪಾಲು ಇದೇ. ರಶೀದಿ, ಬ್ಯಾಂಕ್ ಪಾಸ್‌ಬುಕ್ ತಾಳೆ, ಎಕ್ಸೆಲ್ ಹಾಳೆ, ದಾನಿಗೆ ಪತ್ರ, ಆಡಿಟರ್‌ಗೆ ವೋಚರ್. ವೇದಿಕೆ ಹತ್ತಿ ಭಾಷಣ ಮಾಡೋದು ವರ್ಷಕ್ಕೆ ಎರಡು ಸಲ ಬಂದರೆ ಜಾಸ್ತಿ.

ಈಗ ಕಷ್ಟದ ಕಡೆ ಬರೋಣ.

ನಮ್ಮ ಸೀಮೆಯಲ್ಲಿ ದಾನ ಅಂದರೆ ಮೊದಲು ಊಟ. ಮಗನ ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಊಟ, ಅಪ್ಪನ ಪುಣ್ಯತಿಥಿಗೆ ಹೋಳಿಗೆ, ಶ್ರಾವಣದಲ್ಲಿ ಹುಗ್ಗಿ. ಒಳ್ಳೆಯ ಪದ್ಧತಿ, ಬೇಡ ಅನ್ನಲ್ಲ. ಆದರೆ ಒಂದು ಶ್ರಾವಣ ಸೋಮವಾರ ನಾನಿದ್ದ ಸಂಸ್ಥೆಗೆ ಮೂರು ಮನೆಯಿಂದ ಗೋಧಿ ಹುಗ್ಗಿ ಬಂತು. ಮಕ್ಕಳು ತಿಂದು ತಿಂದು ರಾತ್ರಿ ಹೊಟ್ಟೆ ಹಿಡಿದುಕೊಂಡು ಕೂತವು. ಅದೇ ವಾರ ಕರೆಂಟ್ ಬಿಲ್ ಕಟ್ಟಲು ನಮ್ಮ ಖಾತೆಯಲ್ಲಿ ದುಡ್ಡಿರಲಿಲ್ಲ. ಕರೆಂಟ್ ಬಿಲ್ಲಿಗೆ, ಶೌಚಾಲಯದ ಗುಂಡಿ ಖಾಲಿ ಮಾಡಿಸೋದಕ್ಕೆ, ರಾತ್ರಿ ಎದ್ದು ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯುವ ವಾರ್ಡನ್ ಸಂಬಳಕ್ಕೆ ತಮ್ಮ ಅಪ್ಪನ ಹೆಸರು ಹಾಕಿಸಿಕೊಳ್ಳುವವರು ಯಾರೂ ಇಲ್ಲ. ಫೋಟೋದಲ್ಲಿ ಕಾಣೋದಿಲ್ಲವಲ್ಲ.

ಒಬ್ಬ ಬಟ್ಟೆ ವ್ಯಾಪಾರಿ ಹೀಗೇ ಊಟ ಹಾಕಿಸ್ತೀನಿ ಅಂತ ಬಂದಿದ್ದರು. ನಾನು ಸ್ವಲ್ಪ ಹಿಂಜರಿದೆ. 'ಏನ್ರೀ ಸರ, ಊಟಾ ಹಾಕ್ತೀನಂದ್ರ ಬ್ಯಾಡ ಅಂತೀರಲ್ರೀ?' ಅಂದರು. 'ಊಟ ಬ್ಯಾಡ ಅನ್ನಂಗಿಲ್ರೀ ಅಣ್ಣಾರ, ಅಡಗಿ ಮಾಡೋ ಅಕ್ಕಗ ಪಗಾರ ಕೊಡ್ರಿ ಅಂತೀನಿ' ಅಂದೆ. ನಕ್ಕು ಹೋದರು, ಕೆಲಸ ಕೆಟ್ಟಿತು ಅಂದುಕೊಂಡೆ. ಒಂದು ತಿಂಗಳು ಬಿಟ್ಟು ಫೋನ್ ಮಾಡಿ ಅರ್ಧ ಪಗಾರ ನನ್ನದು ಅಂದರು. ಎಂಟು ವರ್ಷದಿಂದ ಕೊಡುತ್ತಿದ್ದಾರೆ. ಈ ಕೆಲಸದ ಚಾಕಚಕ್ಯತೆ ಅಂತ ಇದ್ದರೆ ಇದೇ: ಜನ ಕೊಡಬೇಕು ಅಂದುಕೊಂಡಿದ್ದರಿಂದ ಮಕ್ಕಳಿಗೆ ಬೇಕಾಗಿದ್ದರ ಕಡೆಗೆ ಅವರನ್ನು ಮೆಲ್ಲಗೆ ತಿರುಗಿಸೋದು.

ಇನ್ನೊಂದು ಇದಕ್ಕಿಂತ ತಲೆನೋವಿನ ಸಂಗತಿ. ನೀವು 'ಅನಾಥ ಮಕ್ಕಳು' ಅಂತ ಬರೆದಿದ್ದೀರಿ. ಒಳಗೆ ಹೋದ ಮೇಲೆ ನೋಡಿ, ಬಹಳಷ್ಟು ಮಕ್ಕಳಿಗೆ ಅವ್ವನೋ ಅಪ್ಪನೋ ಇರುತ್ತಾರೆ. ಕಬ್ಬು ಕಡಿಯಲು ಹೋದವರು, ತಾಂಡಾದಿಂದ ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು, ಗಂಡ ತೀರಿಕೊಂಡು ಒಬ್ಬಳೇ ಮೂರು ಮಕ್ಕಳನ್ನು ಸಾಕಲಾಗದವಳು. 2015ರ ಬಾಲನ್ಯಾಯ ಕಾಯ್ದೆ ಹೇಳೋದೇನೆಂದರೆ, ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ, ಬೇರೆಲ್ಲ ನೋಡಿ ಆದ ಮೇಲೆ. ಸುಮ್ನೆ ಯಾರೋ ತಂದು ಬಿಟ್ಟರು ಅಂತ ಇಟ್ಟುಕೊಳ್ಳುವ ಹಾಗೂ ಇಲ್ಲ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಮನೆಯಲ್ಲೇ ಇದ್ದು ಓದಲಿ ಅಂತ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ಒಳ್ಳೆಯ ಸಂಸ್ಥೆ ಇದನ್ನು ಕೊಡಿಸಿ ಮಗುವನ್ನು ಅವ್ವನ ಹತ್ತಿರ ಕಳಿಸಲು ನೋಡುತ್ತದೆ.

ಆದರೆ ದಾನಿ ಬಾಗಿಲಲ್ಲೇ ಕೇಳುವ ಮೊದಲ ಪ್ರಶ್ನೆ ಏನು? 'ನಿಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆ?' ಜಾಸ್ತಿ ಮಕ್ಕಳು ಅಂದರೆ ದೊಡ್ಡ ಸೇವೆ. ನಾವು ಒಂದು ವರ್ಷ 42 ಮಕ್ಕಳಿಂದ 27ಕ್ಕೆ ಇಳಿದೆವು, 15 ಮಕ್ಕಳು ಮನೆ ಸೇರಿದ್ದರು. ಹಬ್ಬ ಮಾಡಬೇಕಾದ ಸಂಗತಿ. ಹಳೆಯ ದಾನಿಯೊಬ್ಬರು 'ಯಾಕ್ರೀ, ಸಂಸ್ಥೆ ಇಳೀತೇನು?' ಅಂದುಬಿಟ್ಟರು. ಆಡಳಿತದ ಕುರ್ಚಿಯಲ್ಲಿ ಕೂತವರಿಗೆ ಅಲ್ಲೇ ಒಂದು ಆಸೆ ಹುಟ್ಟುತ್ತದೆ, ಮಕ್ಕಳ ಸಂಖ್ಯೆ ಕಡಿಮೆ ಆಗದಿದ್ದರೆ ಚೆನ್ನಾಗಿತ್ತು ಅಂತ. ನನಗೂ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಮ್ಮ ವರದಿಯಲ್ಲಿ ಮೊದಲ ಸಾಲನ್ನೇ ಬದಲಾಯಿಸಿದೆವು. ಎಷ್ಟು ಮಕ್ಕಳಿದ್ದಾರೆ ಅನ್ನೋದರ ಬದಲು ಈ ವರ್ಷ ಎಷ್ಟು ಮಕ್ಕಳು ಮನೆಗೆ ಹೋದರು, ಹೋದವರಲ್ಲಿ ಎಷ್ಟು ಮಂದಿ ಶಾಲೆ ಬಿಟ್ಟಿಲ್ಲ ಅನ್ನೋದನ್ನು ಮೇಲೆ ಹಾಕಿದೆವು. ಕೆಲವರು ದೂರ ಸರಿದರು. ಉಳಿದವರು ಗಟ್ಟಿ ಉಳಿದರು.

ಫೋಟೋ ವಿಷಯಕ್ಕೆ ಮೊದಲ ದಿನವೇ ಗಟ್ಟಿಯಾಗಿ ನಿಲ್ಲಿ. ಸಂಸ್ಥೆಯಲ್ಲಿರುವ ಮಗುವಿನ ಗುರುತು ಗೊತ್ತಾಗುವ ಹಾಗೆ ಹೆಸರು, ವಿಳಾಸ, ಶಾಲೆ, ಚಿತ್ರ ಹಾಕೋದಕ್ಕೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ತಡೆ ಹಾಕುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದಾನಿ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಟ್‌ಬುಕ್ ಕೊಡುತ್ತಾ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕೋದು ನಮ್ಮಲ್ಲಿ ಮಾಮೂಲು. ಬೇಡ ಅನ್ನಲು ಮುಜುಗರ ಆಗುತ್ತದೆ. ನಾವು ಮಕ್ಕಳು ಬಿಡಿಸಿದ ಚಿತ್ರವನ್ನು ಹಿಂದೆ ಹಾಕಿ ದಾನಿಯ ಫೋಟೋ ಮಾತ್ರ ತೆಗೆದುಕೊಡುತ್ತೇವೆ, ಬಹಳ ಜನಕ್ಕೆ ಅಷ್ಟು ಸಾಕು.

ಹಣ ಎಲ್ಲಿಂದ ಬರುತ್ತದೆ? ಊರಿನ ಜನರಿಂದ, ಕಂಪನಿಗಳಿಂದ, ಕೆಲವೊಮ್ಮೆ ವಿದೇಶದಿಂದ. ಊರಿನ ಜನರ ಹಣಕ್ಕೆ 80ಜಿ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಗೊತ್ತಿರಬೇಕು. ನಗದು ಕೊಟ್ಟರೆ 2,000 ರೂಪಾಯಿ ದಾಟಿದ ದಾನಕ್ಕೆ ತೆರಿಗೆ ರಿಯಾಯಿತಿ ಇಲ್ಲ, ಅಕ್ಕಿ ಬಟ್ಟೆ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗಂತೂ ಈ ರಿಯಾಯಿತಿ ಸಿಗೋದೇ ಇಲ್ಲ, ಹಾಗಾಗಿ ಮಾಸ್ತರರಿಗೆ, ಬ್ಯಾಂಕ್ ನೌಕರರಿಗೆ 'ಟ್ಯಾಕ್ಸ್ ಉಳಿಯುತ್ತದೆ' ಅಂತ ಹಳೆಯ ಪಾಠ ಒಪ್ಪಿಸಿ ಮುಖಭಂಗ ಮಾಡಿಕೊಳ್ಳಬೇಡಿ. ಯಾರು ಎಷ್ಟು ಕೊಟ್ಟರು ಅನ್ನೋದನ್ನು ವರ್ಷ ಮುಗಿದ ಮೇಲೆ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು, ತಡವಾದರೆ ದಿನಕ್ಕೆ 200 ರೂಪಾಯಿ. ಲೆಕ್ಕ ಬಲ್ಲವರಿಗೆ ಸಂಸ್ಥೆಗಳು ಕಾಯುತ್ತಿರೋದು ಇದಕ್ಕೇ.

ಕಂಪನಿ ಹಣ ಅಂದರೆ ಸಿಎಸ್‌ಆರ್, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಹೊಸಬರು ಇಲ್ಲಿ ಎಡವುತ್ತಾರೆ. ಬೆಳಗಾವಿ, ಬಾಗಲಕೋಟೆ ಸಕ್ಕರೆ ಕಾರ್ಖಾನೆಗಳ ಸೀಮೆ, ಎಲ್ಲ ಕಡೆ ಸಿಎಸ್‌ಆರ್ ಇರುತ್ತದೆ ಅಂತ ಅರ್ಜಿ ಹಿಡಿದು ಓಡುತ್ತಾರೆ. ಸಹಕಾರಿ ಕಾರ್ಖಾನೆ ಕಂಪನಿ ಅಲ್ಲ, ಅದಕ್ಕೆ ಈ ಕಡ್ಡಾಯ ಇಲ್ಲ. ಸಹಕಾರಿ ಸಂಘದಲ್ಲಿ ಕೆಲಸ ಮಾಡಿದ ನಿಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಹಾಗಂತ ಅಲ್ಲಿಗೆ ಹೋಗಬಾರದು ಅಂತಲ್ಲ, ಕೇಳುವ ಧಾಟಿ ಬೇರೆ. ಸಿಎಸ್‌ಆರ್ ಹಣ ಪಡೆಯಲು ಸಂಸ್ಥೆಗೂ ಸಿಎಸ್‌ಆರ್-1 ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಕಡ್ಡಾಯ. ವಿದೇಶಿ ಹಣಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕೆ ನೂರಕ್ಕೆ 20ರ ಮಿತಿ ಇದೆ, 2020ರ ತಿದ್ದುಪಡಿಗೆ ಮುಂಚೆ 50 ಇತ್ತು. ನಿಮ್ಮ ಸಂಬಳ ಈ 20ರಲ್ಲೇ ಬರಬಹುದು, ನೆನಪಿರಲಿ.

ಹಳ್ಳಿಗಳ ಕಡೆ ಒಂದು ಬೇರೆ ಲೆಕ್ಕ ಇದೆ. ವಿಜಯಪುರದ ಕಡೆ ಹಿಂಗಾರಿ ಜೋಳದ ರಾಶಿ ಆದಾಗ ಹೋದರೆ ಮನೆಗೆ ಇಷ್ಟು ಅಂತ ಅಳೆದು ಹಾಕುತ್ತಾರೆ, ಕೈ ಬಿಚ್ಚಿ. ಅದೇ ಮನೆಗೆ ಬಿತ್ತನೆ ಹೊತ್ತಿಗೆ ಹೋದರೆ ಚಹಾ ಮಾತ್ರ. ಭಾಷೆಯೂ ಅಷ್ಟೇ. ಬೆಳಗಾವಿಯ ಖಡೇಬಜಾರಿನಲ್ಲಿ ಮರಾಠಿ ಬಂದರೆ ಕುರ್ಚಿ ಹಾಕುತ್ತಾರೆ, ಕಂಪನಿಗೆ ಬರೆಯುವ ಅರ್ಜಿಗೆ ಇಂಗ್ಲಿಷ್ ಬೇಕು. ಇಂಗ್ಲಿಷ್ ಕಷ್ಟ ಅಂತ ಹೆದರಬೇಡಿ, ಅಂಕಿಸಂಖ್ಯೆ ಸರಿ ಇದ್ದರೆ ವಾಕ್ಯ ತಿದ್ದಿಕೊಡುವವರು ಸಿಗುತ್ತಾರೆ.

ಸಂಬಳ. 2013ರಲ್ಲಿ ನಾನು ತಿಂಗಳಿಗೆ 9,000ಕ್ಕೆ ಸೇರಿದೆ, ಮೊದಲ ವರ್ಷ ಎರಡು ಸಲ ತಡವಾಯಿತು. ಬಹಳಷ್ಟು ಹುದ್ದೆಗಳು ಯೋಜನೆಗೆ ಕಟ್ಟಿದವು, ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ಮಾರ್ಚ್‌ಗೆ ಒಂದು ಅನುದಾನ ಮುಗಿದು ಮುಂದಿನದು ಜುಲೈಗೆ ಬಂದರೆ ನಡುವಿನ ತಿಂಗಳುಗಳಲ್ಲಿ ಏನು ಮಾಡುತ್ತೀರಿ ಅಂತ ನೇರವಾಗಿ ಕೇಳಿ, ಪಿಎಫ್ ಇದೆಯಾ ಅಂತಲೂ ಕೇಳಿ. ಇದರಲ್ಲಿ ನಾಚಿಕೆ ಬೇಡ. ಸೇವೆ ಅಂತ ಹೇಳಿ ಸಂಬಳದ ಮಾತನ್ನೇ ಎತ್ತದ ಹಾಗೆ ಮಾಡುವವರನ್ನು ಕಂಡರೆ ನನಗೆ ಆಗಿಬರಲ್ಲ. ಇನ್ನು, ಪಿಗ್ಮಿಯಲ್ಲಿ ಕಮಿಷನ್ ಇರುತ್ತದೆ, ಇಲ್ಲೂ ತಂದ ಹಣದಲ್ಲಿ ಇಷ್ಟು ಪರ್ಸೆಂಟ್ ನಿಮಗೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಮಗುವಿಗೆ ಅಂತ ಕೊಟ್ಟ ನೂರರಲ್ಲಿ ನಿಮ್ಮ ಪಾಲು ಇದೆ ಅಂತ ಗೊತ್ತಾದರೆ ಆ ದಾನಿಯ ಮುಖ ಮತ್ತೆ ನೋಡಲಾಗುವುದಿಲ್ಲ.

ಮನೆಯವರ ಮಾತಿಗೆ ಏನು ಹೇಳೋದು? ಅವರಿಗೆ ಇಳಕಲ್ಲನ್ನು ನೆನಪು ಮಾಡಿ. ಅಲ್ಲಿನ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಕುಡಿತ, ಗುಟ್ಕಾ ಚಟಗಳನ್ನೇ ಬೇಡಿ ತಂದರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನ ಅಂತ ಆಚರಿಸುತ್ತಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರಲ್ಲೇ ಒಬ್ಬ ದಾನಿ ಇದ್ದಾರೆ, ಶಿರಸಂಗಿಯ ಲಿಂಗರಾಜರು. ಕೈ ಚಾಚಿ ತಂದ ದುಡ್ಡಿನಲ್ಲಿ ಶಾಲೆ, ಕಾಲೇಜು, ವಸತಿನಿಲಯ ಕಟ್ಟಿದ ಸೀಮೆ ನಮ್ಮದು. ಆದರೂ ಅಪ್ಪನಿಗೆ ಇದೆಲ್ಲ ಹೇಳಿದರೆ 'ಅವರು ಸ್ವಾಮಿಗಳು, ನೀ ಯಾರು' ಅನ್ನಬಹುದು, ಆಗ ಸಂಬಳದ ಚೀಟಿ ತೋರಿಸೋದೇ ಸರಿ.

ಅರ್ಜಿ ಹಾಕುವ ಮೊದಲು ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಪತ್ರ ಇದೆಯಾ ನೋಡಿ. ಮೂರು ವರ್ಷದ ಆಡಿಟ್ ವರದಿ ಕೇಳಿ, ಕೊಡಲು ಗೊಣಗಿದರೆ ಅದೇ ಉತ್ತರ. ಅವರು ನಿಮ್ಮ ಪೊಲೀಸ್ ಪರಿಶೀಲನೆ ಕೇಳಿದರೆ ಬೇಸರ ಬೇಡ, ಕೇಳದಿದ್ದರೆ ಅನುಮಾನ ಪಡಿ. ಮತ್ತೆ ಒಂದು ಸಲ ಸಂಸ್ಥೆಗೆ ಹೋಗಿ ಬನ್ನಿ. ಭಾನುವಾರ ಬೇಡ, ಅವತ್ತು ಕೇಕು, ಬಲೂನು, ಬಾಳೆಹಣ್ಣು. ಮಂಗಳವಾರ ಮಧ್ಯಾಹ್ನ ಹೋಗಿ. ಅಧ್ಯಕ್ಷರ ಜೊತೆ ಮಾತಾಡಿ ಆದ ಮೇಲೆ ಅಡುಗೆಮನೆ ಕಡೆ ಹೋಗಿ, ಅಡುಗೆ ಮಾಡುವ ಅಕ್ಕನನ್ನು ಮಾತಾಡಿಸಿ, ಕಳೆದ ತಿಂಗಳ ಪಗಾರ ಯಾವ ತಾರೀಖಿಗೆ ಆಯಿತು ಅಂತ ಕೇಳಿ.