ಹೈಟಿಯ ಇಳಿಜಾರು: ಲಾವಂಚ, ಜಾಲಿ ಮತ್ತು ಇಲ್ಲದ ಸರ್ಕಾರ

ಹೈಟಿಯ ಬಗ್ಗೆ ಬರೆಯುವವರೆಲ್ಲ ಒಂದು ಚಿತ್ರವನ್ನು ತಪ್ಪದೆ ತೋರಿಸುತ್ತಾರೆ. ಆಕಾಶದಿಂದ ತೆಗೆದ ಗಡಿಯ ಚಿತ್ರ. ಒಂದು ಕಡೆ ಡೊಮಿನಿಕನ್ ಗಣರಾಜ್ಯದ ಹಸಿರು ಕಾಡು, ಇನ್ನೊಂದು ಕಡೆ ಹೈಟಿಯ ಬೋಳು ಗುಡ್ಡ. ಬಡವರು ಮರ ಕಡಿದರು, ಮಣ್ಣು ಕೊಚ್ಚಿಕೊಂಡು ಹೋಯಿತು, ಅದರಿಂದ ಇನ್ನಷ್ಟು ಬಡವರಾದರು ಎಂಬ ವಿವರಣೆ ಅದರ ಜೊತೆಗೇ ಇರುತ್ತದೆ. ಚಿತ್ರ ನಿಜ. ಆದರೆ ವಿವರಣೆ ಕೊನೆಯಿಂದ ಶುರುವಾಗುತ್ತದೆ. ರೈತನ ಕೈಗೆ ಕೊಡಲಿ ಬರುವುದಕ್ಕೆ ಮೊದಲು ಸಾಲ, ಸುಂಕ, ಹಂದಿ, ಜಮೀನಿನ ಪಾಲು ಇಷ್ಟೆಲ್ಲ ನಡೆದುಹೋಗಿದೆ.

ಕ್ಯೂಬಾದ ಪೂರ್ವಕ್ಕಿರುವ ಹಿಸ್ಪಾನಿಯೋಲ ದ್ವೀಪದ ಪಶ್ಚಿಮದ ಮೂರನೇ ಒಂದು ಭಾಗ ಹೈಟಿ. ವಿಸ್ತೀರ್ಣ ಸುಮಾರು 27,750 ಚದರ ಕಿಲೋಮೀಟರ್, ಜನಸಂಖ್ಯೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಉತ್ತರಕ್ಕೊಂದು ದಕ್ಷಿಣಕ್ಕೊಂದು ಪರ್ಯಾಯ ದ್ವೀಪ ಸಮುದ್ರದೊಳಗೆ ಚಾಚಿಕೊಂಡಿವೆ. ನಡುವೆ ಗೊನಾವ್ ಕೊಲ್ಲಿ, ಅದರ ಒಳಮೂಲೆಯಲ್ಲಿ ರಾಜಧಾನಿ ಪೋರ್ಟ್ ಔ ಪ್ರಿನ್ಸ್. ಅತಿ ಎತ್ತರದ ಶಿಖರ ಪಿಕ್ ಲಾ ಸೆಲ್, 2,680 ಮೀಟರ್. ದೇಶದ ಅರ್ಧಕ್ಕಿಂತ ಹೆಚ್ಚು ನೆಲದ ಇಳಿಜಾರು ಶೇಕಡ 20ನ್ನು ಮೀರುತ್ತದೆ, ಅಂದರೆ 100 ಮೀಟರ್ ನಡೆದರೆ 20 ಮೀಟರ್ ಇಳಿದಿರುತ್ತೀರಿ. ಗುಡ್ಡಗಳ ಬಹುಭಾಗ ಸುಣ್ಣಕಲ್ಲು. ಅದರ ಮೇಲಿನ ಮಣ್ಣು ತೆಳು. ಬಿದ್ದ ನೀರು ಬಿರುಕುಗಳಲ್ಲಿ ಇಂಗಿ ಕೆಳಗೆಲ್ಲೋ ಬುಗ್ಗೆಯಾಗಿ ಏಳುತ್ತದೆ. ಆ ಮಣ್ಣು ಒಮ್ಮೆ ಹೋಯಿತೆಂದರೆ ಅಡಿಯಲ್ಲಿ ಬೇಸಾಯಕ್ಕೆ ಉಳಿಯುವುದು ಬರೀ ಕಲ್ಲು.

ಮಳೆಯೂ ಸಮನಾಗಿ ಬೀಳುವುದಿಲ್ಲ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಮೊದಲು ಡೊಮಿನಿಕನ್ ಕಡೆಯ ಎತ್ತರದ ಪರ್ವತಗಳಿಗೆ ತಾಗಿ ಅಲ್ಲೇ ಹೆಚ್ಚು ಸುರಿಸುತ್ತವೆ. ಹೈಟಿಯ ಬಹುಭಾಗ ಮಳೆ ನೆರಳಿನಲ್ಲಿದೆ. ವಾಯವ್ಯ ಭಾಗ ಮತ್ತು ಗೊನಾಯೀವ್ ಪಟ್ಟಣದ ಸುತ್ತ ನೆಲ ಒಣಗಿ ಮುಳ್ಳುಕಂಟಿ ಬೆಳೆದಿದ್ದರೆ, ನೈಋತ್ಯದ ಮಕಾಯಾ ಶಿಖರದ ಸುತ್ತ ಮೋಡದ ಕಾಡಿದೆ. ಗಡಿಯ ಚಿತ್ರದಲ್ಲಿ ಕಾಣುವ ವ್ಯತ್ಯಾಸಕ್ಕೆ ಈ ಗಾಳಿಯೂ ಒಂದು ಕಾರಣ. ಇನ್ನೊಂದು ಕಾರಣ ಅಡುಗೆಮನೆಯದು. 1980ರ ದಶಕದಲ್ಲಿ ಡೊಮಿನಿಕನ್ ಸರ್ಕಾರ ಅಡುಗೆ ಅನಿಲಕ್ಕೆ ಸಹಾಯಧನ ಕೊಟ್ಟು ಜನರನ್ನು ಇದ್ದಿಲಿನಿಂದ ಬಿಡಿಸಿತು. ಹೈಟಿಯಲ್ಲಿ ಆ ಕೆಲಸ ಮಾಡುವ ಸರ್ಕಾರ ಇರಲಿಲ್ಲ.

ಮರ ಕಡಿಯುವುದನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದ್ದು ಫ್ರೆಂಚ್ ತೋಟದ ಮಾಲೀಕರು. ಆಗ ಸೇಂಟ್ ಡೊಮಿಂಗ್ ಎಂದು ಕರೆಯುತ್ತಿದ್ದ ಈ ವಸಾಹತು 1780ರ ದಶಕದಲ್ಲಿ ಯೂರೋಪಿನ ಸಕ್ಕರೆಯ ಸುಮಾರು ಶೇಕಡ 40ನ್ನೂ ಕಾಫಿಯ ಅರ್ಧಕ್ಕಿಂತ ಹೆಚ್ಚನ್ನೂ ಪೂರೈಸುತ್ತಿತ್ತು. ಬಯಲಿನಲ್ಲಿ ಕಬ್ಬು, ಗುಡ್ಡ ಬೋಳಿಸಿ ಕಾಫಿ. ದುಡಿದವರು ಸುಮಾರು ಐದು ಲಕ್ಷ ಗುಲಾಮರು. ಅವರು 1791ರಲ್ಲಿ ದಂಗೆಯೆದ್ದು, ನೆಪೋಲಿಯನ್ನನ ಸೇನೆಯನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. ಗುಲಾಮರೇ ಹೋರಾಡಿ ಕಟ್ಟಿದ ದೇಶ ಜಗತ್ತಿನಲ್ಲಿ ಇದೊಂದೇ.

ಅದಕ್ಕೆ ತೆರಬೇಕಾದ ದಂಡ 1825ರಲ್ಲಿ ಬಂತು. ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿ, 15 ಕೋಟಿ ಫ್ರಾಂಕ್ ಪರಿಹಾರ ಕೊಟ್ಟರೆ ಸ್ವಾತಂತ್ರ್ಯ ಒಪ್ಪುತ್ತೇವೆ ಎಂದ. ಪರಿಹಾರ ಯಾರಿಗೆ? ಗುಲಾಮರನ್ನು ‘ಕಳೆದುಕೊಂಡ’ ಮಾಲೀಕರಿಗೆ. ಮೊದಲ ಕಂತು ಮೂರು ಕೋಟಿಯನ್ನು ಕಟ್ಟಲು ಹೈಟಿ ಪ್ಯಾರಿಸ್ಸಿನಲ್ಲೇ ಸಾಲ ಎತ್ತಿತು. ಬ್ಯಾಂಕಿನವರು 60 ಲಕ್ಷ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. 1838ರಲ್ಲಿ ಒಟ್ಟು ಮೊತ್ತ ಒಂಬತ್ತು ಕೋಟಿಗೆ ಇಳಿಯಿತು. ಆದರೂ ಪರಿಹಾರ ತೀರಲು 1880ರ ದಶಕದ ಕೊನೆಯವರೆಗೂ, ಅದಕ್ಕಾಗಿ ಮಾಡಿದ ಸಾಲಗಳ ಕೊನೆಯ ಎಳೆ ಹರಿಯಲು 1947ರವರೆಗೂ ಕಾಯಬೇಕಾಯಿತು. ಹಣ ಬರುತ್ತಿದ್ದುದು ಮುಖ್ಯವಾಗಿ ಕಾಫಿಯ ಮೇಲಿನ ರಫ್ತು ತೆರಿಗೆಯಿಂದ, ಅಂದರೆ ಗುಡ್ಡದ ರೈತನಿಂದ. ಶಾಲೆ, ರಸ್ತೆ, ಕಾಲುವೆಗೆ ಹೋಗಬೇಕಿದ್ದ ಹಣ ಬಂದರಿನಿಂದ ನೇರವಾಗಿ ಹೊರಗೆ ಹೋಯಿತು. ಇದು ಬರೀ ಹಳೆಯ ಕಥೆ ಎಂದು ತಳ್ಳಿಹಾಕುವವರ ಮಾತನ್ನು ಒಪ್ಪಲಾಗದು. ಬಂದರಿನ ಸುಂಕ ವಸೂಲಿ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಆಡಳಿತ ಅಲ್ಲಿ ಬೇರೂರಿದ್ದು ಆಗಲೇ.

ಜಮೀನು ಮಾತ್ರ ಜನರ ಕೈಗೆ ಬಂತು. ದೊಡ್ಡ ತೋಟಗಳು ಒಡೆದು ಸಣ್ಣ ಹಿಡುವಳಿಗಳಾದವು. ಆಸ್ತಿ ಮಕ್ಕಳಿಗೆಲ್ಲ ಸಮಪಾಲು ಎಂಬ ನ್ಯಾಯವಾದ ನಿಯಮದಿಂದ ತಲೆಮಾರಿಗೊಮ್ಮೆ ಮತ್ತೆ ಹೋಳಾಗಿ, ಒಂದು ಕುಟುಂಬಕ್ಕೆ ಒಂದೆರಡು ಹೆಕ್ಟೇರ್, ಅದೂ ಮೂರ್ನಾಲ್ಕು ಕಡೆ ಚದುರಿದ ತುಂಡುಗಳು. ದೇಶಕ್ಕೆಲ್ಲ ಅನ್ವಯವಾಗುವ ಸರಿಯಾದ ಭೂದಾಖಲೆ ಇಂದಿಗೂ ಇಲ್ಲ. ಈ ತುಂಡು ನಾಳೆ ನನ್ನದೇ ಎನ್ನುವ ಖಾತ್ರಿ ಇಲ್ಲದವನು ಅದರಲ್ಲಿ 20 ವರ್ಷಕ್ಕೆ ಬರುವ ಮರ ನೆಡುವುದು ಕಷ್ಟ.

ಹೀಗಿದ್ದೂ ಗುಡ್ಡದ ಮನೆಗೆ ಒಂದು ಆಪದ್ಧನವಿತ್ತು: ಕಪ್ಪು ಕ್ರಿಯೋಲ್ ಹಂದಿ. ಕಸಕಡ್ಡಿ, ಉದುರಿದ ಮಾವಿನಹಣ್ಣು ತಿಂದು ಬೆಳೆಯುವ ಗಟ್ಟಿ ತಳಿ. ಮಗುವಿನ ಶಾಲಾ ಶುಲ್ಕ, ಆಸ್ಪತ್ರೆ, ಮದುವೆ ಎಲ್ಲಕ್ಕೂ ಒಂದು ಹಂದಿ ಮಾರಿದರೆ ಆಯಿತು. 1970ರ ದಶಕದ ಕೊನೆಗೆ ದ್ವೀಪದಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. ಅದು ಅಮೆರಿಕಕ್ಕೆ ಹರಡಬಾರದೆಂದು 1983ರ ಹೊತ್ತಿಗೆ ಹೈಟಿಯ ಹಂದಿಗಳನ್ನೆಲ್ಲ ಕೊಂದುಹಾಕಿದರು. ಬದಲಿಗೆ ತಂದ ಅಮೆರಿಕದ ತಳಿಗೆ ಕೊಂಡು ತಂದ ಮೇವು, ಶುದ್ಧ ನೀರು, ಸೂರಿರುವ ಕೊಟ್ಟಿಗೆ ಬೇಕಿತ್ತು. ಎಷ್ಟೋ ರೈತರ ಮನೆಗೇ ಅಂಥ ಸೂರಿರಲಿಲ್ಲ. ಹಂದಿ ಹೋದ ಮೇಲೆ ತುರ್ತಿಗೆ ಮಾರಲು ಉಳಿದದ್ದು ಮರ.

ಇನ್ನು ಅಕ್ಕಿ. ದೇಶದ ನಡುವೆ ಹರಿಯುವ ಆರ್ಟಿಬೊನೀಟ್ ನದಿಯ ಕಣಿವೆ ಹೈಟಿಯ ಭತ್ತದ ಕಣಜ. 1980ರ ದಶಕದ ಮೊದಲಲ್ಲಿ ದೇಶಕ್ಕೆ ಬೇಕಾದ ಅಕ್ಕಿಯ ಬಹುಪಾಲು ಅಲ್ಲೇ ಬೆಳೆಯುತ್ತಿತ್ತು. ಆಮದು ಅಕ್ಕಿಯ ಸುಂಕ 1995ರಲ್ಲಿ ಶೇಕಡ 35ರಿಂದ 3ಕ್ಕೆ ಇಳಿಯಿತು. ಅಮೆರಿಕ ಸರ್ಕಾರದ ಸಹಾಯಧನ ಪಡೆದು ಬೆಳೆದ ಅಕ್ಕಿ ಅಗ್ಗವಾಗಿ ಬಂದು ಸುರಿಯಿತು. ಈಗ ತಿನ್ನುವ ಅಕ್ಕಿಯ ಸುಮಾರು ಶೇಕಡ 80 ಹೊರಗಿನದು. ಆ ನೀತಿಯನ್ನು ಒತ್ತಾಯಿಸಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಯಿತೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಕಣಿವೆಯ ಕಾಲುವೆಗಳಲ್ಲಿ ಹೂಳು ತುಂಬಿತ್ತು. ಮೇಲೆ ಬೋಳಾದ ಗುಡ್ಡಗಳ ಮಣ್ಣೇ ಆ ಹೂಳು. 1956ರಲ್ಲಿ ಮುಗಿದ ಪೆಲಿಗ್ರ್ ಅಣೆಕಟ್ಟಿನ ಜಲಾಶಯವೂ ತನ್ನ ಸಾಮರ್ಥ್ಯದ ಅರ್ಧದಷ್ಟನ್ನು ಅದಕ್ಕೇ ಕಳೆದುಕೊಂಡಿದೆ. ವಿದ್ಯುತ್ತಿಗೂ ನೀರಾವರಿಗೂ ಅಲ್ಲಿಂದಲೇ ಕೊರತೆ.

ಇದ್ದಿಲಿನ ವಿಷಯಕ್ಕೆ ಬಂದರೆ ನಮಗೆ ಪರಿಚಿತ ಮರವೊಂದು ಎದುರಾಗುತ್ತದೆ. ಹೈಟಿಯ ಒಣ ಸೀಮೆಯಲ್ಲಿ ಇದ್ದಿಲಿಗೆ ಹೆಚ್ಚು ಬಳಕೆಯಾಗುವುದು ಬಳ್ಳಾರಿ ಜಾಲಿ. ಅದು ಅಮೆರಿಕ ಖಂಡದ ಮೂಲದ ಮರ. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಹೈಟಿಯ ಪಕ್ಕದ ಜಮೈಕಾದಿಂದ ಬೀಜ ತಂದು ಭಾರತದಲ್ಲಿ ಬಿತ್ತಿದರು. ಕಡಿದರೆ ಬಡ್ಡೆಯಿಂದ ಮತ್ತೆ ಚಿಗುರುವುದು ಅದರ ಗುಣ. ನಾಲ್ಕಾರು ವರ್ಷದಲ್ಲಿ ಮಣಿಕಟ್ಟು ಗಾತ್ರದ ಕೊಂಬೆಗಳು ಸಿದ್ಧ. ಹೀಗೆ ಸರದಿಯಲ್ಲಿ ಕಡಿದರೆ ಇದ್ದಿಲಿನ ಕಸುಬಿನಿಂದ ಗುಡ್ಡ ಬೋಳಾಗಬೇಕಿಲ್ಲ. ಉಪಗ್ರಹ ಚಿತ್ರಗಳನ್ನು ಸೂಕ್ಷ್ಮವಾಗಿ ಓದಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೈಟಿಯ ಸುಮಾರು ಶೇಕಡ 30 ನೆಲದಲ್ಲಿ ಮರಗಳಿವೆ ಎಂದು ಹೇಳಿತು. ದಶಕಗಳಿಂದ ಎಲ್ಲರೂ ಹೇಳುತ್ತ ಬಂದ ‘ಶೇಕಡ 2’ ಎಲ್ಲಿ, ಇದೆಲ್ಲಿ! ಇಲ್ಲವಾಗಿರುವುದು ಮೂಲ ಕಾಡು. ಅದು ಶೇಕಡ 1ಕ್ಕೂ ಕಡಿಮೆ.

ಇದ್ದಿಲು ಸುಡುವ ಕ್ರಮ ಹೀಗಿದೆ. ಕಡಿದ ಕಟ್ಟಿಗೆಯನ್ನು ಕೆಲವು ದಿನ ಒಣಗಲು ಬಿಡಬೇಕು. ದಪ್ಪ ತುಂಡು ಒಳಗೆ, ಸಣ್ಣದು ಸಂದಿಗಳಲ್ಲಿ ಬರುವಂತೆ ಒತ್ತಾಗಿ ಜೋಡಿಸಿ, ಮೇಲೆ ಹುಲ್ಲುಸೊಪ್ಪು, ಅದರ ಮೇಲೆ ಮಣ್ಣು ಮೆತ್ತಿ, ಒಂದು ಬಾಯಿಯಿಂದ ಬೆಂಕಿ ಹಚ್ಚುತ್ತಾರೆ. ಮೊದಲು ಬರುವ ದಟ್ಟ ಬಿಳಿ ಹೊಗೆ ತೇವಾಂಶದ್ದು. ಅದು ತೆಳುವಾಗಿ ನೀಲಿಗೆ ತಿರುಗಿದರೆ ಇದ್ದಿಲಾಗಿದೆ ಎಂದರ್ಥ, ಆಗ ಗಾಳಿಯ ಕಂಡಿಗಳನ್ನೆಲ್ಲ ಮುಚ್ಚಬೇಕು. ಕಟ್ಟಿಗೆ ಕುಗ್ಗುತ್ತ ಹೋದಂತೆ ಮಣ್ಣಿನ ಹೊದಿಕೆ ಬಿರುಕು ಬಿಡುತ್ತದೆ. ಹಗಲು ರಾತ್ರಿ ಕಾದು ಮೆತ್ತುತ್ತಿರಬೇಕು. ಒಂದು ಬಿರುಕು ರಾತ್ರಿಯೆಲ್ಲ ಕಣ್ತಪ್ಪಿದರೆ ಗಾಳಿ ನುಗ್ಗಿ ಬೆಳಗಿನ ಹೊತ್ತಿಗೆ ಬೂದಿ. ಎಲ್ಲ ಸರಿಯಾದರೂ 100 ಕಿಲೋ ಕಟ್ಟಿಗೆಗೆ 15ರಿಂದ 20 ಕಿಲೋ ಇದ್ದಿಲು ಬರುತ್ತದೆ. ಹಸಿ ಕಟ್ಟಿಗೆಯಾದರೆ ಇನ್ನೂ ಕಡಿಮೆ, ಏಕೆಂದರೆ ನೀರನ್ನು ಆರಿಸುವುದಕ್ಕೇ ಒಂದಷ್ಟು ಕಟ್ಟಿಗೆ ಉರಿದುಹೋಗುತ್ತದೆ. ಹಣದ ಅವಸರ ಇರುವವನು ಒಣಗುವವರೆಗೆ ಕಾಯಲಾರ. ಅವನು ಅದೇ ಚೀಲಕ್ಕೆ ಹೆಚ್ಚು ಮರ ಕಡಿಯುತ್ತಾನೆ.

ಜಾಲಿ ಅತ್ತಲಿಂದ ಇತ್ತ ಬಂದರೆ ಲಾವಂಚ ಇತ್ತಲಿಂದ ಅತ್ತ ಹೋಯಿತು. ಭಾರತ ಮೂಲದ ಈ ಹುಲ್ಲಿನ ಬೇರಿನ ಎಣ್ಣೆ ಸುಗಂಧ ದ್ರವ್ಯಗಳ ಉದ್ಯಮಕ್ಕೆ ಬೇಕೇ ಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಲಾವಂಚದೆಣ್ಣೆ ತಯಾರಾಗುವುದು ಹೈಟಿಯಲ್ಲಿ, ದಕ್ಷಿಣದ ಲೇ ಕೇ ಪಟ್ಟಣದ ಸುತ್ತ. ಬೇರು ಬಲಿಯಲು ಕನಿಷ್ಠ 12ರಿಂದ 18 ತಿಂಗಳು ಬೇಕು. ಅಗೆದು, ಮಣ್ಣು ಕೊಡವಿ, ಒಣಗಿಸಿ, ಹಬೆಯಲ್ಲಿ ಇಡೀ ದಿನ ಭಟ್ಟಿ ಇಳಿಸಿದರೆ ಬೇರಿನ ತೂಕದ ಶೇಕಡ 1ರ ಆಸುಪಾಸು ಎಣ್ಣೆ ಸಿಗುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಹಣ ಬೇಕೆಂದು ಎಳೆಯ ಬೇರನ್ನೇ ಕಿತ್ತರೆ ಎಣ್ಣೆಯೂ ಕಡಿಮೆ, ಗುಣವೂ ಕಡಿಮೆ. ಅದಕ್ಕಿಂತ ದೊಡ್ಡ ನಷ್ಟ, ಇಳಿಜಾರಿನ ಮಣ್ಣನ್ನು ಅಗೆದು ಸಡಿಲ ಮಾಡಿ ಬಿಟ್ಟ ಮೇಲೆ ಬೀಳುವ ಮೊದಲ ಜಡಿಮಳೆಯದು.

ಕೀಳದೆ ಬಿಟ್ಟರೆ ಇದೇ ಹುಲ್ಲು ಮಣ್ಣಿನ ಕಾವಲುಗಾರ. ಬೇರು ನೇರ ಕೆಳಗೆ ಮೂರು ಮೀಟರಿನವರೆಗೂ ಇಳಿಯುತ್ತದೆ. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಅಂಚಿಗೆ ಲಾವಂಚ ಹಾಕುವುದು ಹಳೆಯ ರೂಢಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲಾವಂಚದ ಬೇಲಿಯನ್ನು ಬೇರೆ ದೇಶಗಳಿಗೆ ಹರಡಲು ಹೊರಟಾಗ ಈ ರೂಢಿಯೂ ಅವರ ಗಮನಕ್ಕೆ ಬಂತು. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ, 10ರಿಂದ 15 ಸೆಂಟಿಮೀಟರಿಗೊಂದು ಸಸಿ ನೆಟ್ಟರೆ ಎರಡು ಮೂರು ಮಳೆಗಾಲದಲ್ಲಿ ಸಂದಿಲ್ಲದ ಬೇಲಿಯಾಗುತ್ತದೆ. ನೀರು ಸೋಸಿಕೊಂಡು ಹೋಗುತ್ತದೆ, ಮಣ್ಣು ಹಿಂದೆ ನಿಂತು ತಾನೇ ಮೆಟ್ಟಿಲಾಗುತ್ತದೆ. ಸಾಲಿನಲ್ಲಿ ಒಂದು ಸಸಿ ಸತ್ತರೂ ನೀರೆಲ್ಲ ಆ ಕಿಂಡಿಗೇ ನುಗ್ಗಿ ಕೊರಕಲು ಮಾಡುತ್ತದೆ, ಹಾಗಾಗಿ ಮೊದಲ ವರ್ಷ ನಾಟಿ ತುಂಬುವ ಕೆಲಸ ತಪ್ಪಿಸುವಂತಿಲ್ಲ.

ಹಾಗಾದರೆ ಹೈಟಿಯ ಗುಡ್ಡಗಳ ತುಂಬ ಈ ಬೇಲಿ ಏಕಿಲ್ಲ? ಲೆಕ್ಕ ಹಾಕಿ ನೋಡಿ. ಸಾಲಿನಿಂದ ಸಾಲಿಗೆ ಎರಡು ಮೀಟರ್ ಎತ್ತರದ ಅಂತರ ಇಟ್ಟರೆ, ಶೇಕಡ 20ರ ಇಳಿಜಾರಿನಲ್ಲಿ 10 ಮೀಟರಿಗೊಂದು ಸಾಲು, ಶೇಕಡ 40ರಲ್ಲಿ ಐದು ಮೀಟರಿಗೊಂದು. ಬೇಲಿಯ ಅಗಲ ಒಂದು ಮೀಟರ್ ಎಂದರೂ ಕಡಿದಾದ ಹೊಲದ ಐದನೇ ಒಂದು ಪಾಲು ಹುಲ್ಲಿಗೆ ಹೋಯಿತು. ಅರ್ಧ ಹೆಕ್ಟೇರಿನಲ್ಲಿ ಜೋಳ, ದ್ವಿದಳ ಬೆಳೆದು ಮನೆ ನಡೆಸುವವನಿಗೆ ಇದು ಸಣ್ಣ ಮಾತಲ್ಲ. ಮೇಲಾಗಿ ಆ ಬೇಲಿಯ ಬೇರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ, ಕಷ್ಟ ಬಂದ ವರ್ಷ ಕಿತ್ತು ಮಾರುತ್ತಾನೆ. ಬೇಲಿಯನ್ನು ಉಳಿಸಿಕೊಂಡವನಿಗೆ ಆ ನಷ್ಟ ಭರಿಸಿಕೊಡಲು, ಕೆಳಗಿನ ಕಣಿವೆಗೆ ಆಗುವ ಲಾಭದಲ್ಲಿ ಮೇಲಿನವನಿಗೊಂದು ಪಾಲು ಕೊಡಲು ಸರ್ಕಾರ ಬೇಕು.

ಹೈಟಿಯಲ್ಲಿ ಇಲ್ಲದಿರುವುದೇ ಅದು. 1987ರ ಸಂವಿಧಾನದಲ್ಲಿ ಅಧ್ಯಕ್ಷ, ಪ್ರಧಾನಿ, ಎರಡು ಸದನಗಳ ಸಂಸತ್ತು, ಚುನಾಯಿತ ಸ್ಥಳೀಯ ಸಂಸ್ಥೆಗಳು ಎಲ್ಲವೂ ಇವೆ. ನಡೆದದ್ದು ಬೇರೆ. 2016ರ ನಂತರ ಹೊಸ ಅಧ್ಯಕ್ಷ, ಸಂಸತ್ತನ್ನು ಆರಿಸಲು ರಾಷ್ಟ್ರಮಟ್ಟದ ಚುನಾವಣೆ ಆಗಲೇ ಇಲ್ಲ. 2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯೀಸ್ ಕೊಲೆಯಾದರು. 2023ರ ಜನವರಿಯಲ್ಲಿ ಕೊನೆಯ ಹತ್ತು ಸೆನೆಟರುಗಳ ಅವಧಿ ಮುಗಿದು, ಚುನಾಯಿತನೆನ್ನುವ ಒಬ್ಬ ರಾಷ್ಟ್ರೀಯ ಪ್ರತಿನಿಧಿಯೂ ಉಳಿಯಲಿಲ್ಲ. 2024ರ ಏಪ್ರಿಲಿನಲ್ಲಿ ಒಂಬತ್ತು ಜನರ ಹಂಗಾಮಿ ಮಂಡಳಿ ಅಧಿಕಾರ ವಹಿಸಿಕೊಂಡಾಗ ರಾಜಧಾನಿಯ ಬಹುಭಾಗ ಶಸ್ತ್ರಧಾರಿ ಗ್ಯಾಂಗುಗಳ ಹಿಡಿತದಲ್ಲಿತ್ತು. 2025ರ ಮೊದಲಲ್ಲಿ ಮನೆ ಬಿಟ್ಟು ಓಡಿದವರ ಸಂಖ್ಯೆ ಹತ್ತು ಲಕ್ಷ ದಾಟಿತು.

ಗ್ಯಾಂಗುಗಳು ಇಷ್ಟು ಬಲಿತದ್ದಕ್ಕೆ ಭೂಗೋಳವೂ ಸೇರಿಕೊಂಡಿದೆ. ಗುಡ್ಡ ಮತ್ತು ಸಮುದ್ರದ ನಡುವಿನ ಇಕ್ಕಟ್ಟಿನಲ್ಲೇ ಹೆದ್ದಾರಿ ಹೋಗಬೇಕು. ರಾಜಧಾನಿಯ ದಕ್ಷಿಣದ ಬಾಗಿಲಾದ ಮಾರ್ಟಿಸಾಂಟ್ 2021ರ ಜೂನಿನಲ್ಲಿ ಗ್ಯಾಂಗುಗಳ ಕೈಸೇರಿತು. ಅಲ್ಲಿಗೆ ಇಡೀ ದಕ್ಷಿಣ ಪರ್ಯಾಯ ದ್ವೀಪದ ಇದ್ದಿಲು, ತರಕಾರಿ, ಲಾವಂಚ ಎಲ್ಲದಕ್ಕೂ ದಾರಿ ಮುಚ್ಚಿತು. ಅದೇ ವರ್ಷ ಆಗಸ್ಟ್ 14ರಂದು ದಕ್ಷಿಣದಲ್ಲಿ 7.2 ತೀವ್ರತೆಯ ಭೂಕಂಪವಾಗಿ 2,200ಕ್ಕೂ ಹೆಚ್ಚು ಜನ ಸತ್ತಾಗ ಪರಿಹಾರದ ಲಾರಿಗಳು ಹೋಗಬೇಕಿದ್ದ ದಾರಿಯೂ ಅದೇ ಆಗಿತ್ತು. 2010ರ ಜನವರಿ 12ರ 7.0 ತೀವ್ರತೆಯ ಭೂಕಂಪದಲ್ಲಿ ಸತ್ತವರನ್ನು ಲಕ್ಷದ ಲೆಕ್ಕದಲ್ಲಿ ಎಣಿಸಬೇಕಾಯಿತು. ಮರುತಿಂಗಳು ಚಿಲಿಯಲ್ಲಿ 8.8ರ, ಅಂದರೆ ನೂರಾರು ಪಟ್ಟು ಹೆಚ್ಚು ಶಕ್ತಿ ಹೊಮ್ಮಿಸಿದ ಭೂಕಂಪ ಕೊಂದದ್ದು ಸುಮಾರು 500 ಜನರನ್ನು. ಚಿಲಿಯ ಕಂಪದ ಕೇಂದ್ರ ದೊಡ್ಡ ನಗರದಿಂದ ದೂರವಿತ್ತು ಎಂಬುದು ಒಂದು ಕಾರಣ. ಕಟ್ಟಡ ನಿಯಮ ಜಾರಿ ಮಾಡುವ ಸರ್ಕಾರ ಅಲ್ಲಿ ಇತ್ತು ಎಂಬುದು ಇನ್ನೊಂದು.

ಇವತ್ತು ದೇಶವನ್ನು ನಡೆಸುತ್ತಿರುವುದು ಹೊರದೇಶದಲ್ಲಿ ದುಡಿಯುವ ಹೈಟಿಯನ್ನರು ಮನೆಗೆ ಕಳಿಸುವ ಹಣ. ಅದು ಒಟ್ಟು ಉತ್ಪನ್ನದ ಸುಮಾರು ಐದನೇ ಒಂದು ಪಾಲು. ರಫ್ತಿನ ಬಹುಪಾಲು ಅಮೆರಿಕಕ್ಕೆ ಹೊಲಿದು ಕಳಿಸುವ ಬಟ್ಟೆ. ಸರ್ಕಾರದ ತೆರಿಗೆ ಆದಾಯ ಒಟ್ಟು ಉತ್ಪನ್ನದ ಶೇಕಡ 10ನ್ನೂ ಮುಟ್ಟುವುದಿಲ್ಲ.

ಈಶಾನ್ಯದ ಗಡಿಪಟ್ಟಣ ವಾನಾಮಿಂಥ್‌ನಲ್ಲಿ ನಡೆದ ಒಂದು ಕೆಲಸವನ್ನು ಮಾತ್ರ ಹೇಳಲೇಬೇಕು. ಗಡಿಯ ಮ್ಯಾಸಕರ್ ನದಿಯಿಂದ ಮಾರಿಬಾರೂ ಬಯಲಿಗೆ ನೀರು ತರುವ ಕಾಲುವೆ ಅರ್ಧಕ್ಕೆ ನಿಂತಿತ್ತು. 2023ರಲ್ಲಿ ರೈತರೇ ಅದನ್ನು ಕೈಗೆತ್ತಿಕೊಂಡರು. ಊರವರು ಸಿಮೆಂಟ್, ಊಟ, ಆಳುಗಳನ್ನು ಒದಗಿಸಿದರು, ವಿದೇಶದಲ್ಲಿರುವವರು ಹಣ ಕಳಿಸಿದರು. ನದಿಯ ನೀರು ತಮಗೂ ಸೇರಿದ್ದೆಂದು ಆಕ್ಷೇಪಿಸಿದ ಡೊಮಿನಿಕನ್ ಸರ್ಕಾರ ಸೆಪ್ಟೆಂಬರ್ 15ರಂದು ಗಡಿಯನ್ನೇ ಮುಚ್ಚಿತು. ಕೆಲಸ ನಿಲ್ಲಲಿಲ್ಲ, ಕಾಲುವೆಯಲ್ಲಿ ನೀರು ಹರಿಯಿತು. ಇನ್ನು ಮುಂದೆ ಪ್ರತಿವರ್ಷ ಹೂಳು ತೆಗೆಯಬೇಕು, ತೂಬಿನ ಸರದಿ ನೋಡಿಕೊಳ್ಳಬೇಕು, ಎಕರೆಗಿಷ್ಟೆಂದು ನೀರಿನ ಹಣ ಎತ್ತಬೇಕು, ಕಾಲುವೆಯ ತುದಿಯ ಹೊಲಕ್ಕೂ ಪಾಲು ತಲುಪುವಂತೆ ಕಾಯಬೇಕು. ಮಾರಿಬಾರೂ ಬಯಲಿನಲ್ಲಿ ಈ ನಾಲ್ಕೂ ಕೆಲಸ ಸದ್ಯಕ್ಕೆ ರೈತರ ಮೇಲೇ ಬಿದ್ದಿವೆ.