ಕೊಡದೊಳಗಿನ ಬೇವಿನ ಟೊಂಗೆ

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಕಟ್ಟಿದವರು ನೀರು ಹೊತ್ತವರಲ್ಲ ಎಂದು ನನ್ನ ಗುಮಾನಿ. ಯಾದಗಿರಿ ಜಿಲ್ಲೆಯ ನಮ್ಮೂರಲ್ಲಿ ಬಾವಿಯಿಂದ ಮನೆ ಮುಟ್ಟುವಷ್ಟರಲ್ಲಿ ನನ್ನ ಅಂಗಿ ತೊಯ್ದಿರುತ್ತಿತ್ತು. "ಬೇವಿನ ಟೊಂಗಿ ಮುರದು ನೀರಾಗ ಹಾಕ್ಕೊ, ತುಳಕಂಗಿಲ್ಲ" ಅನ್ನುತ್ತಿದ್ದಳು ಆಯಿ. ನಡಿಗೆಗೂ ನೀರಿನ ಓಲಾಟಕ್ಕೂ ತಾಳ ಕೂಡಿಬಿಟ್ಟರೆ ಅಲೆ ಹೆಜ್ಜೆಹೆಜ್ಜೆಗೂ ಏರುತ್ತದೆ. ತೇಲುವ ಒಂದೊಂದು ಎಲೆಯೂ ತಾನಿದ್ದಲ್ಲೇ ಅಲೆಯ ಕಸುವನ್ನು ಅಷ್ಟಷ್ಟು ನುಂಗುತ್ತದೆ.

ವಿದ್ಯುತ್ ಸ್ಥಾವರಗಳನ್ನೂ ಊರುಗಳನ್ನೂ ತಂತಿಗಳಿಂದ ಹೆಣೆದ ಜಾಲ, ಅಂದರೆ ವಿದ್ಯುತ್ ಗ್ರಿಡ್ಡೂ ಹೀಗೇ ತುಳುಕುತ್ತದೆ. ನಮ್ಮ ದೇಶದಲ್ಲಿ ಅದರ ತಾಳ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತ. ರಾಯಚೂರಿನ ಬಳಿಯ ಶಕ್ತಿನಗರ ವಿದ್ಯುತ್ ಸ್ಥಾವರದ ಟರ್ಬೈನು ನಿಮಿಷಕ್ಕೆ 3000 ಸುತ್ತು ಹಾಕುವಾಗ ಪಂಜಾಬಿನ ಜನರೇಟರುಗಳೂ ಅದೇ ತಾಳಕ್ಕೆ ತಿರುಗುತ್ತಿರುತ್ತವೆ. ಮೊದಲು ಹೀಗಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನು ಕೂಡಿದ ಮೇಲೆಯೇ ದಕ್ಷಿಣದ ಗ್ರಿಡ್ ಉಳಿದ ದೇಶದ ತಾಳಕ್ಕೆ ಸೇರಿದ್ದು. ಯಾದಗಿರಿ, ವಾಡಿ, ಕಲಬುರಗಿ ಮೇಲೆ ರೈಲಿನಲ್ಲಿ ಓಡಾಡುವ ನಾವು ಈ ಎರಡು ಊರುಗಳ ನಡುವೆ ಇಂಥದೊಂದು ಘಟನೆ ನಡೆದದ್ದನ್ನು ಎಲ್ಲೂ ಹೇಳಿಕೊಳ್ಳುವುದಿಲ್ಲ, ಯಾಕೋ.

ಎರಡು ದೊಡ್ಡ ಜಾಲಗಳನ್ನು ಕೆಲವೇ ಲೈನುಗಳು ಜೋಡಿಸಿದ್ದರೆ, ಈ ಕಡೆಯ ಯಂತ್ರಗಳೆಲ್ಲ ಒಟ್ಟಾಗಿ ಆ ಕಡೆಯವುಗಳ ಎದುರು ತೂಗತೊಡಗುತ್ತವೆ. ಒಂದು ತೂಗಿಗೆ ಒಂದರಿಂದ ಹತ್ತು ಸೆಕೆಂಡು. ಸಾಮಾನ್ಯವಾಗಿ ತಾನೇ ಅಡಗುತ್ತದೆ. 1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಭಾಗದಲ್ಲಿ ಅಡಗಲಿಲ್ಲ. ಸುಮಾರು ನಾಲ್ಕು ಸೆಕೆಂಡಿನ ತೂಗಾಟ ಬೆಳೆಬೆಳೆದು ಜಾಲ ನಾಲ್ಕು ತುಂಡಾಯಿತು, ಸುಮಾರು 75 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು.

ದೊಡ್ಡ ಜನರೇಟರುಗಳಲ್ಲಿ ಇದನ್ನು ತಣಿಸುವ ಸ್ಟೆಬಿಲೈಸರ್ ಇರುತ್ತದೆ. ಆದರೆ ಅದಕ್ಕೆ ಕಾಣುವುದು ತನ್ನ ಯಂತ್ರ ಮಾತ್ರ. ನೂರಾರು ಮೈಲಿ ಆಚೆಯ ಜೋಡಿ ಎತ್ತ ವಾಲುತ್ತಿದೆ ಎಂದು ಗೊತ್ತಾಗುವುದಿಲ್ಲ. ಆ ಕಣ್ಣು ಕೊಟ್ಟವರಲ್ಲಿ ಗ್ವಾಲಿಯರ್‌ನಲ್ಲಿ ಹುಟ್ಟಿದ ಅರುಣ್ ಫಡಕೆ ಪ್ರಮುಖರು. 1988ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಅವರ ತಂಡ ಕಟ್ಟಿದ ಫೇಸರ್ ಮಾಪಕ ವಿದ್ಯುತ್ ಅಲೆ ಎಷ್ಟೆತ್ತರ, ತಾಳದಲ್ಲಿ ಎಲ್ಲಿದೆ ಎಂದು ಅಳೆಯುತ್ತದೆ; ಜಿಪಿಎಸ್ ಗಡಿಯಾರ ಹಿಡಿದು, ಬೇರೆಬೇರೆ ಊರಿನ ಅಳತೆಗಳನ್ನು ಒಂದೇ ಕ್ಷಣಕ್ಕೆ ಹೊಂದಿಸುತ್ತದೆ.

ಹಾಗಾದರೆ ಎಲ್ಲ ಅಳತೆಯೂ ಒಂದೇ ಕೇಂದ್ರಕ್ಕೆ ಹೋಗಿ, ಅಲ್ಲಿಂದಲೇ ಅಪ್ಪಣೆ ಬರಲಿ? ಪಂಚಮಿ ಜೋಕಾಲಿ ನಿಲ್ಲಿಸಿದವರನ್ನು ಕೇಳಿ. ಎದುರು ಬರುವಾಗ ತಡೆದರೆ ನಿಲ್ಲುತ್ತದೆ. ಅದೇ ಕೈ ಅರ್ಧ ತೂಗು ತಡವಾದರೆ ಇನ್ನಷ್ಟು ಮೇಲೆ ಹೋಗುತ್ತದೆ. ನಾಲ್ಕು ಸೆಕೆಂಡಿನ ತೂಗಾಟದಲ್ಲಿ ಎರಡು ಸೆಕೆಂಡು ತಡವಾಗಿ ಬಂದ ಅಪ್ಪಣೆ ತಡೆಯಲ್ಲ, ತಳ್ಳು. ಕೇಂದ್ರವೇ ಕೆಟ್ಟರೆ ಇನ್ನೇನು ಹೇಳುವುದು.

ಅದಕ್ಕೇ ಸಂಶೋಧಕರ ಒಲವು ಹಂಚಿದ ನಿಯಂತ್ರಣದ ಕಡೆ. ಪ್ರತಿ ನಿಯಂತ್ರಕ ತನ್ನ ಅಳತೆಯ ಜತೆಗೆ ನೆರೆಯ ಎರಡು-ಮೂರರ ಅಳತೆಯನ್ನಷ್ಟೇ ಕೇಳಿ, ವ್ಯತ್ಯಾಸ ಕಂಡಷ್ಟು ತಿದ್ದಿಕೊಳ್ಳುತ್ತದೆ. ಅಕ್ಕಪಕ್ಕದ ಈ ಮಾತು ಸರಪಳಿಯಾಗಿ ಜಾಲವನ್ನೆಲ್ಲ ಮುಟ್ಟುತ್ತದೆ. ಒಂದು ಕೊಂಡಿ ಕಡಿದರೂ ಉಳಿದವು ಸುಮ್ಮನಾಗುವುದಿಲ್ಲ. ನಮ್ಮ ಬಿಸಿಲಿಗೆ ಎದ್ದಿರುವ ಸೌರಫಲಕಗಳ ಕರೆಂಟನ್ನು ಗ್ರಿಡ್ಡಿನ ತಾಳಕ್ಕೆ ತರುವ ಇನ್ವರ್ಟರುಗಳಿಗೂ ಈ ಕೆಲಸ ಕಲಿಸಬಹುದು. ಅವುಗಳಲ್ಲಿ ತಿರುಗುವ ಭಾರವಿಲ್ಲ, ಆದರೆ ಅಪ್ಪಣೆಗೆ ಟರ್ಬೈನಿಗಿಂತ ಎಷ್ಟೋ ಬೇಗ ಓಗೊಡುತ್ತವೆ.

ಲೆಕ್ಕ ತಪ್ಪಿ ಎಲ್ಲರೂ ಅತಿಯಾಗಿ ತಿದ್ದಹೊರಟರೆ ಮಾತ್ರ ಆ ತಿದ್ದುಗಳೇ ಹೊಸ ಓಲಾಟ ಹುಟ್ಟಿಸುತ್ತವೆ. ಟೊಂಗೆ ದೊಡ್ಡದಾದ ದಿನ ನಮ್ಮನೆ ನೀರು ಕಹಿಯಾಗುತ್ತಿತ್ತು.